ಅರಿಶಿನದ ಮೈದಾನ

ಶಿವಮ್ಮನ ಕಾಲು ತುಳಿದರೆ ಅರಿಶಿನಕ್ಕೆ ಏನೂ ಆಗುವುದಿಲ್ಲ. ಅವಳ ಮಗಳ ಕಾಲು ತುಳಿದರೆ ಮೈಲಿಗೆಯಾಗುತ್ತದೆ. ಹೊಂಗೆಹುಂಡಿಯ ಮರಿಮಲ್ಲಪ್ಪನವರು ಇದನ್ನು ತಮ್ಮ ಜಗಲಿಯ ಮೇಲೆ ಕೂತು, ಕಾಲ ಮೇಲೆ ಕಾಲು ಹಾಕಿಕೊಂಡು, ಬಹಳ ಸಮಾಧಾನವಾಗಿ ವಿವರಿಸಿದರು. ಜಾತಿ ಗೀತಿ ತಾವು ಮಾಡುವವರಲ್ಲ ಎಂಬುದನ್ನೂ ಜೊತೆಗೇ ಸೇರಿಸಿದರು.

ತೆರಕಣಾಂಬಿಯ ಕಡೆ ಅರಿಶಿನ ಕೀಳುವುದು ಚಳಿ ಮುಗಿಯುವಾಗ. ಕಿತ್ತ ಗೆಡ್ಡೆಯನ್ನು ಕೊಪ್ಪರಿಗೆಯಲ್ಲಿ ಬೇಯಿಸಬೇಕು. ಬೆಂದದ್ದನ್ನು ಹೊತ್ತು ತಂದು ಬಯಲಲ್ಲಿ ಹರಡಬೇಕು. ಒಣಗುವವರೆಗೆ ದಿನವೂ ತಿರುವಬೇಕು. ಬೇಯಿಸುವವಳು ಶಿವಮ್ಮ. ಹೊರುವವಳು ಶಿವಮ್ಮ. ಬರಿಗಾಲಲ್ಲಿ ಸಾಲು ಹಿಡಿದು ತುಳಿಯುತ್ತಾ, ಬಗ್ಗಿ ಕೈಯಾಡಿಸುತ್ತಾ ತಿರುವುವವರೂ ಶಿವಮ್ಮ ಮತ್ತು ಕಾಲೋನಿಯ ಅವಳಂಥ ಹೆಂಗಸರು. ಹಬೆಗೆ ಮುಂಗೈ ಬೊಬ್ಬೆ ಏಳುತ್ತಿತ್ತು. ಸಂಜೆಗೆ ಸೊಂಟ ನೆಟ್ಟಗಾಗಲು ಒಪ್ಪುತ್ತಿರಲಿಲ್ಲ. ಅಂಗಾಲಿನ ಬಿರುಕಿನಲ್ಲಿ ಕೂತ ಹಳದಿ ಯಾವ ಸೋಪಿಗೂ ಹೋಗುತ್ತಿರಲಿಲ್ಲ. ಉಗಾದಿಯ ಹೊತ್ತಿಗೆ ಅವರೆಲ್ಲ ಹಸೆಗೆ ಕೂರಿಸಿ ಮರೆತುಹೋದ ಮದುಮಕ್ಕಳ ಹಾಗೆ ಕಾಣುತ್ತಿದ್ದರು.

ಅರಿಶಿನ ಹರಡುತ್ತಿದ್ದ ಬಯಲು ಮರಿಮಲ್ಲಪ್ಪನವರದಲ್ಲ. ಅದು ಸರ್ಕಾರದ್ದು, ಹಳೆಯ ಶಾಲೆಯ ಮೈದಾನ. ಶಾಲೆ ಮೇನ್ ರೋಡಿಗೆ ಹೋಯಿತು. ಮೈದಾನ ಮರಿಮಲ್ಲಪ್ಪನವರ ಮನೆಯ ಎದುರಿಗೇ ಉಳಿಯಿತು. ಎದುರಿಗೆ ಉಳಿದದ್ದು ನಿಧಾನಕ್ಕೆ ಅವರದೇ ಆಯಿತು. ಶಿವರಾತ್ರಿಯಿಂದ ಉಗಾದಿಯವರೆಗೆ ಅವರ ಅರಿಶಿನ. ಅರಿಶಿನ ಎದ್ದ ಮೇಲೆ ಮೇಲಿನ ಬೀದಿಯ ಹುಡುಗರ ಕ್ರಿಕೆಟ್. ಕಾಲೋನಿಯ ಮಕ್ಕಳಿಗೆ ರಸ್ತೆ ಇತ್ತು. ಬಸ್ಸು ಬಂದರೆ ಆಟ ನಿಲ್ಲುತ್ತಿತ್ತು. ಗುಂಡ್ಲುಪೇಟೆ ಬಸ್ಸಿನ ಡ್ರೈವರ್ ಒಬ್ಬ ಮಾತ್ರ ದೂರದಿಂದಲೇ ನಿಧಾನ ಮಾಡಿ, ಓವರು ಮುಗಿಯುವವರೆಗೆ ಕಾಯುತ್ತಿದ್ದ. ಅವನ ಹೆಸರು ಯಾರಿಗೂ ಗೊತ್ತಿರಲಿಲ್ಲ. ಕೈಬೀಸಿದರೆ ಹಾರ್ನು ಮಾಡುತ್ತಿದ್ದ, ಅಷ್ಟೆ.

ಆ ವರ್ಷ ಶಿವಮ್ಮನ ಮಗಳು ಶಿವರಂಜಿನಿ ಚಾಮರಾಜನಗರದಿಂದ ಒಂದು ಕಟ್ಟು ಕೋಲು ತಂದಳು. ಅವಳು ಅಲ್ಲಿ ಡಿಗ್ರಿ ಮುಗಿಸಿದವಳು, ಓಟದಲ್ಲಿ ಕಾಲೇಜಿಗೆ ಕಪ್ ಗೆದ್ದು ತಂದವಳು. ಕೋಲಿನ ತುದಿಗೆ ಒಂದು ಚೌಕಟ್ಟು. ಚೌಕಟ್ಟಿಗೆ ಒಂದು ಜಾಲರಿ ಚೀಲ. ಬಸ್ಸಿನ ಕಂಡಕ್ಟರ್ ಅದನ್ನು ಕೈಯಲ್ಲಿ ತಿರುಗಿಸಿ ನೋಡಿದ.

"ಮಾವಿನಕಾಯಿ ಕೀಳೋ ದೋಟಿ ಇಷ್ಟು ಗಿಡ್ಡ ಇದ್ರೆ ಯಾವ ಕೊಂಬೆ ಎಟುಕ್ತದವ್ವ?"

"ದೋಟಿ ಅಲ್ಲಣ್ಣ. ಆಟದ್ದು. ಲಕ್ರಾಸ್ ಅಂತ."

"ಆಟದ್ದಾ? ಹಂಗಾರೆ ಮೇಲೆ ಕಟ್ಟೋದ್ ಬ್ಯಾಡ. ಸೀಟ್ ಮೇಲೆ ಕೂರ್ಸು." ಕೋಳಿ ಹಿಡಿದು ಕೂತಿದ್ದ ಒಬ್ಬ ಯಜಮಾನನನ್ನು ಮುಂದಿನ ಸೀಟಿಗೆ ಕಳಿಸಿ, ಕೋಲುಗಳಿಗೆ ಕಿಟಕಿಯ ಪಕ್ಕ ಜಾಗ ಮಾಡಿಕೊಟ್ಟ.

ಅವಳ ಜೊತೆ ಕಾಲೇಜಿನ ಆಟದ ಮೇಷ್ಟ್ರು ಕನಕರಾಜು ಬಂದಿದ್ದರು. ಚಂದಕವಾಡಿಯವರು. ಅಂಬೇಡ್ಕರ್ ಭವನದ ಮೆಟ್ಟಿಲ ಮೇಲೆ ನಿಂತು ಕೋಲು ಹಿಡಿಯುವುದನ್ನು ತೋರಿಸಿದರು. ಕಾಲೋನಿಯೆಲ್ಲ ಸೇರಿತ್ತು.

"ಚೆಂಡನ್ನ ಈ ಜಾಲರೀಲೇ ಹಿಡೀಬೇಕು, ಜಾಲರೀಲೇ ಎಸೀಬೇಕು. ಕೈಯಲ್ಲಿ ಮುಟ್ಟಂಗಿಲ್ಲ. ಮುಟ್ಟುದ್ರೆ ಫೌಲು."

ಶಿವಮ್ಮನ ಗಂಡ ಪುಟ್ಟಮಾದಯ್ಯ ಬೀಡಿ ಆರಿಸಿ ಕೇಳಿದ:

"ಮುಟ್ಟುದ್ರೆ ತಪ್ಪಾ ಸಾ? ಈ ಆಟ ಕಂಡ್ಹಿಡ್ದೋರು ನಮ್ಮೂರ್ಗೆ ಬಂದೋಗಿದ್ರಾ?"

ನಕ್ಕ ನಗುವಿಗೆ ಭವನದ ಪಾರಿವಾಳಗಳು ಎದ್ದುಹೋದವು. ಕನಕರಾಜು ಮೆಟ್ಟಿಲ ಮೇಲೆ ಕೂತು ಕಣ್ಣು ಒರೆಸಿಕೊಂಡರು. "ನಾನೂ ಕಾಲೋನಿಯೋನೇ ಕಣಣ್ಣ," ಎಂದರು. "ಇಷ್ಟು ದಿವ್ಸ ಈ ಆಟ ಹೇಳ್ಕೊಟ್ಟಿದ್ದೀನಿ, ನನಗೆ ಹೊಳ್ದಿರ್ಲಿಲ್ಲ. ಒಬ್ರು ಮಾತ್ರ ಕೈಯಲ್ಲಿ ಮುಟ್ಟಬಹುದು. ಗೋಲು ಕಾಯೋರು."

ಕೋಲುಗಳು ಜಿಲ್ಲೆಯ ಆಟದ ಸಂಘದವು. ಉಗಾದಿಗೆ ಮುಂಚಿನ ಭಾನುವಾರ ಬೆಳಿಗ್ಗೆ ಸಂಘದವರು ಊರಿಗೆ ಬರುತ್ತಾರೆ. ಊರಲ್ಲಿ ಮೈದಾನವಿದ್ದು, ಮಕ್ಕಳು ಆಡಿ ತೋರಿಸಿದರೆ, ಬೇಸಿಗೆಯೆಲ್ಲ ಕೋಲು ಇಲ್ಲೇ ಇರುತ್ತವೆ. ಜಿಲ್ಲೆಯ ಪಂದ್ಯಕ್ಕೂ ಇವರನ್ನು ಸೇರಿಸಿಕೊಳ್ಳುತ್ತಾರೆ. ಇಲ್ಲದಿದ್ದರೆ ಕೋಲುಗಳು ಮೈಸೂರಿನ ಒಂದು ಶಾಲೆಗೆ ಹೋಗುತ್ತವೆ.

"ಆ ಶಾಲೇಲಿ ಈಜುಕೊಳ ಅದೆ," ಎಂದರು ಕನಕರಾಜು.

"ಈಜ್ಕೊಂಡೇ ಇರ್ಲಿ ಬುಡಿ ಸಾ," ಎಂದಳು ಪ್ರಿಯಾಂಕ. ಐದನೇ ಕ್ಲಾಸು. ಆಗಲೇ ಒಂದು ಕೋಲನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡಿದ್ದಳು. ಅವತ್ತು ಅದನ್ನು ಬಿಡಿಸಿಕೊಳ್ಳಲು ಅವಳಮ್ಮನಿಂದಲೂ ಆಗಲಿಲ್ಲ.

ಗೋಲು ಕಾಯಲು ಯಾವ ಮಗುವೂ ಒಪ್ಪಲಿಲ್ಲ. ಎಲ್ಲರಿಗೂ ಓಡಬೇಕಿತ್ತು. ಶಿವರಂಜಿನಿ ಸುತ್ತ ನೋಡಿದಳು. ಕೂಲಿ ಮುಗಿಸಿ ಬಂದ ಅವ್ವ ಕಂಬಕ್ಕೆ ಒರಗಿ ಕೂತಿದ್ದಳು.

"ಅವ್ವ, ನೀನೇ ಬಾ. ಸುಮ್ನೆ ನಿಂತ್ಕೊಳ್ಳೋದು ಅಷ್ಟೆ."

"ಬೆಳಗಿಂದ ಬಗ್ಗಿದ್ದೀನಿ ಕಣಮ್ಮಿ," ಎಂದಳು ಶಿವಮ್ಮ. "ನಿಲ್ಲೋದಾದ್ರೆ ಬತ್ತೀನಿ."

ಮಕ್ಕಳ ತಂಡದಲ್ಲಿ ಐವತ್ತಕ್ಕೆ ಹತ್ತಿರವಾದ ಹೆಂಗಸು ನಿಲ್ಲಬಹುದೇ ಎಂದು ಕನಕರಾಜು ತಲೆ ಕೆರೆದುಕೊಂಡರು. ಪಂದ್ಯಕ್ಕೆ ಆಗದು, ಭಾನುವಾರ ಆಡಿ ತೋರಿಸಲಿಕ್ಕೆ ನಡೆಯುತ್ತದೆ ಎಂದು ತಾವೇ ಒಂದು ನಿಯಮ ಮಾಡಿದರು.

ಇನ್ನು ಮೈದಾನ. ಮಾರನೆಯ ಸಂಜೆ ಶಿವಮ್ಮ, ಶಿವರಂಜಿನಿ, ಕೋಲು ಬಿಡದ ಪ್ರಿಯಾಂಕ, ಮೂವರೂ ಮರಿಮಲ್ಲಪ್ಪನವರ ಜಗಲಿಯ ಕೆಳಗೆ ನಿಂತರು. ಅವರ ಹೆಂಡತಿ ಚಿಕ್ಕಮಲ್ಲಮ್ಮ ಕಾಫಿ ತಂದರು. ಗಂಡನಿಗೆ ಸ್ಟೀಲಿನ ಲೋಟ. ಇವರಿಗೆ ಕಾಗದದ ಲೋಟ. ಕಾಗದದ ಲೋಟದಲ್ಲಿ ಬೆಲ್ಲ ಒಂದು ಚೂರು ಹೆಚ್ಚೇ ಇರುತ್ತಿತ್ತು. ಆ ಬೆಲ್ಲವನ್ನು ಶಿವಮ್ಮ ಗಮನಿಸುತ್ತಿದ್ದಳು. ಆ ಕಾಗದವನ್ನೂ.

"ಎರಡು ಗಂಟೆ ಹೊತ್ತು ಸಾರ್," ಎಂದಳು ಶಿವರಂಜಿನಿ. "ಭಾನುವಾರ ಬೆಳಿಗ್ಗೆ. ಅರ್ಧ ಮೈದಾನ ಸಾಕು. ಅರಿಶಿನವ ನಾವೇ ಒಂದು ಕಡೆಗೆ ಎಳ್ಕೊಡ್ತೀವಿ."

ಮರಿಮಲ್ಲಪ್ಪನವರು ಪ್ರಿಯಾಂಕಳ ಕೋಲನ್ನು ಇಸಿದುಕೊಂಡರು. ಹಿಂದೆ ಮುಂದೆ ನೋಡಿದರು. ಜಾಲರಿಯ ತುದಿಯನ್ನು ಅಂಗಿಯೊಳಗೆ ಬಿಟ್ಟು ಬೆನ್ನು ಕೆರೆದುಕೊಂಡರು.

"ಚೆನ್ನಾಗದೆ. ಇದ್ಕೆ ಮೈದಾನ ಬೇರೆ ಬೇಕಾ?"

"ಬುದ್ಧಿ, ಮಕ್ಕಳು ಆಸೆ ಪಟ್ಟವೆ," ಎಂದಳು ಶಿವಮ್ಮ.

"ನೋಡಮ್ಮಿ ಶಿವಿ. ನಾನು ಜಾತಿ ಗೀತಿ ಮಾಡೋನಲ್ಲ, ನಿಂಗೇ ಗೊತ್ತು. ಆದ್ರೆ ಅರಿಶಿನ ಅಂದ್ರೆ ಲಕ್ಷ್ಮಿ. ಮನೇಲಿ ದೇವ್ರಿಗೆ ಓಯ್ತದೆ. ಅದ್ರ ಮೇಲೆ ಇವ್ರು ಕಾಲಿಟ್ರೆ ಮೈಲಿಗೆ ಆಯ್ತದೆ."

"ನಮ್ಮವ್ವ ದಿನಾ ತುಳೀತಾಳಲ್ಲ ಸಾರ್," ಎಂದಳು ಶಿವರಂಜಿನಿ.

"ಅವಳ್ದು ಕೂಲಿ ಕಾಲು. ನಿಮ್ದು ಆಟದ ಕಾಲು. ಕೂಲಿ ಕಾಲಿಗೆ ಮೈಲಿಗೆ ಇಲ್ಲ ಕಣವ್ವ. ಓದಿದ್ದೀಯ, ಇಷ್ಟು ಗೊತ್ತಾಗಕಿಲ್ವಾ?"

ಶಿವಮ್ಮ ತನ್ನ ಕಾಲನ್ನು ನೋಡಿಕೊಂಡಳು. ಹಳದಿ ಪಾದ, ಒಡೆದ ಹಿಮ್ಮಡಿ. ಇಷ್ಟು ವರ್ಷ ಅವು ತನ್ನ ಕಾಲುಗಳೆಂದೇ ತಿಳಿದಿದ್ದಳು. ಕಾಫಿಯನ್ನು ಜಗಲಿಯ ಅಂಚಿಗಿಡಲು ಹೋದಳು. ಬಾಗಿಲಲ್ಲಿ ನಿಂತ ಚಿಕ್ಕಮಲ್ಲಮ್ಮನ ಮುಖ ನೋಡಿ ಹೇಗೋ ಕುಡಿದಳು.

ಕಾಲೋನಿಗೆ ಬಂದ ಕೂಡಲೆ ಪ್ರಿಯಾಂಕ ನಲ್ಲಿಯ ಕೆಳಗೆ ಕೋಲನ್ನು ಹಿಡಿದು ಉಜ್ಜತೊಡಗಿದಳು.

"ಯಾಕಮ್ಮಿ ತೊಳೀತಿದ್ದೀಯೆ?"

"ತಾತನ ಬೆವ್ರು."

ಶಿವಮ್ಮನಿಗೆ ಬೈಯಬೇಕು ಅನ್ನಿಸಿತು. ಬಾಯಿಗೆ ಬಂದದ್ದು ನಗು. ಜೊತೆಗೆ ಸೋಪಿನ ಚೂರನ್ನೂ ತಂದುಕೊಟ್ಟಳು.

ಅಭ್ಯಾಸ ರಸ್ತೆಯಲ್ಲೇ ಶುರುವಾಯಿತು. ಕನಕರಾಜು ಬಿಟ್ಟುಹೋದದ್ದು ಒಂದೇ ಚೆಂಡು. ಅದು ಚರಂಡಿಗೆ ಬಿದ್ದರೆ ಮುಗಿಯಿತು ಎಂದು ಶಿವರಂಜಿನಿ ಅದನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು. ಬದಲಿಗೆ ಟೊಮೊಟೊ. ರೇಟು ಬಿದ್ದು ಹೋಗಿ ರೈತರು ರಸ್ತೆಯ ಬದಿಗೆ ಸುರಿದ ಟೊಮೊಟೊ ರಾಶಿ ರಾಶಿ ಬಿದ್ದಿತ್ತು. ಮಕ್ಕಳು ಬುಟ್ಟಿಯಲ್ಲಿ ತುಂಬಿ ತಂದರು. ಟೊಮೊಟೊವನ್ನು ಜಾಲರಿಯಲ್ಲಿ ಗಟ್ಟಿಯಾಗಿ ಹಿಡಿದರೆ ಒಡೆಯುತ್ತದೆ. ಬರುತ್ತಿದ್ದ ಹಾಗೆ ಕೋಲನ್ನು ಹಿಂದಕ್ಕೆ ಎಳೆದುಕೊಂಡು, ಮಗುವನ್ನು ಇಸಿದುಕೊಂಡ ಹಾಗೆ ಇಸಿದುಕೊಳ್ಳಬೇಕು. ಮೊದಲ ದಿನ ಇಡೀ ತಂಡ ಸಾರಿನಲ್ಲಿ ಬಿದ್ದೆದ್ದ ಹಾಗಿತ್ತು. ವಾರ ಕಳೆಯುವಷ್ಟರಲ್ಲಿ ಪ್ರಿಯಾಂಕ ಎಸೆದ ಟೊಮೊಟೊ ರಸ್ತೆಯ ಆಚೆಗೆ ಹೋಗಿ, ಸಿಪ್ಪೆಯೂ ಸುಲಿಯದೆ ವಾಪಸು ಬರುತ್ತಿತ್ತು. ಕನಕರಾಜು ಬಂದು ನೋಡಿ, ಕಾಲೇಜಿನಲ್ಲೂ ಇದನ್ನೇ ಮಾಡಿಸಬೇಕು ಎಂದರು.

ಗೋಲಿನ ಮುಂದೆ ಶಿವಮ್ಮ. ತಲೆಗೆ ಪುಟ್ಟಮಾದಯ್ಯನ ಬೈಕಿನ ಹೆಲ್ಮೆಟ್ಟು; ಅವನಂತೂ ಅದನ್ನು ಹಾಕಿಕೊಂಡವನಲ್ಲ. ಎದೆಗೆ ಗೊಬ್ಬರದ ಚೀಲದೊಳಗೆ ತುರುಕಿದ ದಿಂಬು. ಹಗಲೆಲ್ಲ ಅರಿಶಿನ, ಸಂಜೆ ಟೊಮೊಟೊ. ಮೊದಮೊದಲು ಟೊಮೊಟೊ ಬಂದರೆ ಕಣ್ಣು ಮುಚ್ಚಿ ಪಕ್ಕಕ್ಕೆ ಸರಿಯುತ್ತಿದ್ದಳು.

"ಸರೀಬಾರ್ದು ಅವ್ವ. ಎದುರಿಗೆ ನಿಲ್ಬೇಕು."

"ಇಷ್ಟು ವರ್ಷ ಸರ್ದು ಸರ್ದು ಅಭ್ಯಾಸ ಆಗೋಗದೆ ಕಣಮ್ಮಿ. ಒಂದೇ ಸಲಕ್ಕೆ ಬುಡು ಅಂದ್ರೆ ಎಂಗೆ?"

ಆದರೂ ಬಿಟ್ಟಳು. ಕೊನೆಕೊನೆಗೆ ಬೇಕೆಂದೇ ಅಡ್ಡ ಬರುತ್ತಿದ್ದಳು. ಅವಳ ಮೈಗೆ ಬಡಿದು ಒಡೆದ ಟೊಮೊಟೊಗಳನ್ನು ಹೆಂಗಸರು ಕೂತು ಎಣಿಸುತ್ತಾ, ಇವತ್ತು ಶಿವಮ್ಮನ ಮನೇಲಿ ಗೊಜ್ಜು ಎಂದು ನಗುತ್ತಿದ್ದರು.

ಭಾನುವಾರ ಬಂತು. ಮೈದಾನದ ತುಂಬ ಅರಿಶಿನ ಹಾಗೇ ಇತ್ತು. ಒಣಗಿ ಗಲಗಲ ಅನ್ನುತ್ತಿತ್ತು. ಮಧ್ಯಾಹ್ನಕ್ಕೆ ಈರೋಡಿನ ವ್ಯಾಪಾರಿಯ ಲಾರಿ ಬರುವುದೆಂದು ಮರಿಮಲ್ಲಪ್ಪನವರು ಬೆಳಿಗ್ಗೆಯೇ ಹೇಳಿಕಳಿಸಿದ್ದರು. ಹೆಂಗಸರೆಲ್ಲ ಬಂದು ಚೀಲ ತುಂಬಬೇಕು.

ಹೆಂಗಸರು ಬಂದರು. ಬರಿಗೈಯಲ್ಲಲ್ಲ, ಬುಟ್ಟಿ ಹಿಡಿದೇ ಬಂದರು; ಅದು ದಿನದ ರೂಢಿ. ಎಲ್ಲರ ಮುಂದೆ ಶಿವಮ್ಮ, ಹೆಲ್ಮೆಟ್ಟು ಹಾಕಿಕೊಂಡು, ದಿಂಬು ಕಟ್ಟಿಕೊಂಡು.

"ಯಾಕಮ್ಮಿ ಹೆಲ್ಮೆಟ್ಟು?" ಎಂದರು ಮರಿಮಲ್ಲಪ್ಪನವರು. "ಅರಿಶಿನ ಏನ್ ಹಾರಿ ಬತ್ತದಾ?"

"ಇವತ್ತು ಕೂಲಿಗೆ ಬರಕಿಲ್ಲ."

"ಯಾಕೆ?"

"ಗೋಲಿಗೆ ನಿಲ್ಬೇಕು."

ಮಾತಿನ ಕೊನೆಗೆ 'ಬುದ್ಧಿ' ಎಂದು ಸೇರಿಸಬೇಕಿತ್ತು. ಅವಳ ಅವ್ವ ಸೇರಿಸುತ್ತಿದ್ದಳು. ಅವಳ ಅಜ್ಜಿ ಸೇರಿಸುತ್ತಿದ್ದಳು. ಶಿವಮ್ಮ ಸೇರಿಸಲಿಲ್ಲ. ಬಾಯಿ ಖಾಲಿ ಖಾಲಿ ಅನ್ನಿಸಿತು. ಹಾಗೆಂದು ಏನೂ ಬೀಳಲಿಲ್ಲ. ಆಕಾಶ ಇದ್ದಲ್ಲೇ ಇತ್ತು.

"ನಿಮ್ಗೆಲ್ಲ ಏನು?" ಮರಿಮಲ್ಲಪ್ಪನವರು ಉಳಿದವರ ಕಡೆ ತಿರುಗಿದರು. "ನೀವೂ ಗೋಲಿಗೆ ನಿಲ್ತೀರಾ?"

"ಇಲ್ಲ," ಎಂದಳು ಒಬ್ಬಳು. "ಶಿವಮ್ಮ ನಿಲ್ಲೋದ ನೋಡ್ಬೇಕು."

"ಹಂಗಾರೆ ಕೇಳ್ಕೊಳ್ಳಿ. ನಾಳೆಯಿಂದ ಒಬ್ರಿಗೂ ನನ್ ಹೊಲದಾಗೆ ಕೆಲ್ಸ ಇಲ್ಲ. ಅರಿಶಿನ ಇಲ್ಲೇ ಬಿದ್ದಿರ್ಲಿ, ಯಾರೂ ಮುಟ್ಟಬ್ಯಾಡಿ. ಅದೆಲ್ಲಿ ಆಡೀರೋ ನಾನೂ ನೋಡ್ತೀನಿ."

ಜಗಲಿಗೆ ಹೋಗಿ ಕೂತರು. ಮಾತು ಸರಿಯಾಗಿಯೇ ಇತ್ತು. ಚೀಲ ತುಂಬಿದರೆ ಮತ್ತೆ ಅವರ ಕೂಲಿಯವರೇ ಆಗುತ್ತಾರೆ. ತುಂಬದಿದ್ದರೆ ಮೈದಾನವಿಲ್ಲ, ಕೋಲೂ ಇಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಶಿವರಂಜಿನಿಯ ಕಣ್ಣು ತುಂಬಿಕೊಂಡಿತು. ಅವಳ ಪಕ್ಕದಲ್ಲಿ ನಿಂತಿದ್ದ ಪ್ರಿಯಾಂಕ ಬಗ್ಗಿ, ಜಾಲರಿಯಲ್ಲಿ ಒಂದು ಅರಿಶಿನದ ಗೆಡ್ಡೆಯನ್ನು ತೋಡಿಕೊಂಡು, ಭುಜದ ಮೇಲಿಂದ ಎಸೆದಳು. ಗೆಡ್ಡೆ ರಸ್ತೆ ದಾಟಿ, ಕಾಂಪೌಂಡು ದಾಟಿ, ಮರಿಮಲ್ಲಪ್ಪನವರ ಅಂಗಳದ ನಡುವೆ ಮೆತ್ತಗೆ ಹೋಗಿ ಕೂತಿತು.

ಎಲ್ಲರೂ ಅದನ್ನೇ ನೋಡಿದರು. ಅವರ ಅರಿಶಿನ, ಅವರ ಅಂಗಳ. ತಪ್ಪು ಎಲ್ಲಿದೆ ಎಂದು ಹುಡುಕಿದರೂ ಸಿಗುವಂತಿರಲಿಲ್ಲ.

"ಇನ್ನೊಂದು," ಎಂದಳು ಶಿವಮ್ಮ.

ಕೋಲು ಹಿಡಿದ ಮಕ್ಕಳೆಲ್ಲ ಸಾಲಾಗಿ ನಿಂತರು. ಮೈದಾನದಿಂದ ರಸ್ತೆಗೆ, ರಸ್ತೆಯಿಂದ ಗೇಟಿಗೆ, ಜಾಲರಿಯಿಂದ ಜಾಲರಿಗೆ. ಹಿಂದೆ ಹೆಂಗಸರು ಬುಟ್ಟಿಯಲ್ಲಿ ತುಂಬಿ ತುಂಬಿ ಕಾಂಪೌಂಡಿನ ಮೇಲಿಂದ ಸುರಿದರು. ಬುಟ್ಟಿಯಿಲ್ಲದವರು ಸೆರಗು ಹಿಡಿದರು. ಪುಟ್ಟಮಾದಯ್ಯ ಸಿಮೆಂಟು ಕಲಸುವ ಬಾಂಡ್ಲಿ ತಂದ. ಬ್ಯಾಟು ಹಿಡಿದು ಕಟ್ಟೆಯ ಮೇಲೆ ಕೂತಿದ್ದ ಮೇಲಿನ ಬೀದಿಯ ಹುಡುಗರು ಸ್ವಲ್ಪ ಹೊತ್ತು ನೋಡಿದರು. ಅರಿಶಿನ ಹೋದರೆ ಮೈದಾನ ತಮಗೂ ಬೇಗ ಸಿಗುತ್ತದೆ ಎಂದು ಅವರಿಗೂ ಹೊಳೆದಿರಬೇಕು. ಒಬ್ಬ ಇಳಿದು ಬಂದು ಒಂದು ಬುಟ್ಟಿಗೆ ಕೈ ಹಾಕಿದ. ಆಮೇಲೆ ಇನ್ನೊಬ್ಬ.

ಮರಿಮಲ್ಲಪ್ಪನವರು ಪಂಚೆ ಎತ್ತಿಕೊಂಡು ಓಡಿಬಂದರು. "ಏಯ್, ನಾನೇನ್ ಹೇಳ್ದೆ? ಮುಟ್ಟಬ್ಯಾಡಿ ಅಂತ ಹೇಳಿಲ್ವಾ?"

"ಮುಟ್ಟಿಲ್ಲ ತಾತ," ಎಂದಳು ಪ್ರಿಯಾಂಕ. "ಕೈಯಲ್ಲಿ ಮುಟ್ಟುದ್ರೆ ಫೌಲು. ಜಾಲರೀಲಿ."

ಜಾಲರಿಗೆ ಮೈಲಿಗೆ ಉಂಟೇ ಇಲ್ಲವೇ ಎಂಬುದನ್ನು ಮರಿಮಲ್ಲಪ್ಪನವರು ಇನ್ನೂ ಯೋಚಿಸಿರಲಿಲ್ಲ.

"ಬುಡಮ್ಮಿ, ಸುಳ್ಯಾಕೆ," ಎಂದಳು ಶಿವಮ್ಮ. ಹೆಲ್ಮೆಟ್ಟಿನ ಗಾಜನ್ನು ಮೇಲಕ್ಕೆತ್ತಿದಳು. ದನಿ ಏರಿಸಲಿಲ್ಲ. "ಮುಟ್ಟಿದ್ದೀವಿ ಮರಿಮಲ್ಲಪ್ಪನೋರೆ. ಕಿತ್ತೋರು ನಾವು, ಬೇಯ್ಸಿದೋರು ನಾವು, ತುಳ್ದೋರು ನಾವು. ನಮ್ಮ ಬೆವ್ರು ಅದ್ರಾಗೇ ಬೆಂದದೆ. ನಿಮ್ಮ ದೇವ್ರ ಹಣೆಗೆ ಇರೋದು ಅದೇ. ನಿಮ್ಮ ಮಗಳ ತಾಳಿ ದಾರಕ್ಕೆ ಬಳ್ದಿದ್ದು ಅದೇ. ನಿಮ್ಮ ಸಾರಿಗೆ ಬಿದ್ದಿದ್ದೂ ಅದೇ. ಅದೆಲ್ಲ ತೊಳ್ಕೊಂಡು ಬನ್ನಿ. ಆಮೇಕೆ ಈ ಮಕ್ಕಳ ಕಾಲಿನ ವಿಚಾರ ಮಾತಾಡನ."

ಆ ಹೊತ್ತಿಗೆ ಗೇಟಿನ ಚಿಲಕ ತೆಗೆದ ಸದ್ದಾಯಿತು. ಚಿಕ್ಕಮಲ್ಲಮ್ಮ ಗೇಟನ್ನು ಅಗಲವಾಗಿ ತೆರೆದು, ಅದು ಮುಚ್ಚಿಕೊಳ್ಳದ ಹಾಗೆ ಒಂದು ಕಲ್ಲು ಒತ್ತಿದರು.

"ಎಡಗಡೆಗೆ ಎಸೀರಿ ಮಕ್ಕಳಾ," ಎಂದರು. "ಬಲಗಡೆ ಹಪ್ಪಳ ಒಣಾಕಿದ್ದೀನಿ."

ಗಂಡನ ಕಡೆ ನೋಡಲೇ ಇಲ್ಲ. ಒಳಗೆ ಹೋದರು.

ಲಾರಿ ಹೊತ್ತಿಗೆ ಮುಂಚೆಯೇ ಬಂತು. ಈರೋಡಿನ ಡ್ರೈವರು ಅರಿಶಿನವೆಲ್ಲ ಗೇಟಿನ ಒಳಗೇ ಒಂದೇ ರಾಶಿಯಾಗಿ ಬಿದ್ದಿರುವುದನ್ನು ನೋಡಿ ಸಂತೋಷಪಟ್ಟ. ಅರ್ಧ ತಮಿಳು ಅರ್ಧ ಕನ್ನಡದಲ್ಲಿ, ಪ್ರತಿ ವರ್ಷವೂ ಹೀಗೇ ಇಡಿ ಅಣ್ಣ, ರೊಂಬ ಒಳ್ಳೇದು ಎಂದ. ಚೀಲ ತುಂಬುವವರು ಇರಲಿಲ್ಲ. ಮರಿಮಲ್ಲಪ್ಪನವರೇ ಅಂಗಿಯ ತೋಳು ಮಡಿಸಿದರು. ಅವರ ಸೊಂಟವೂ ಬಗ್ಗುತ್ತದೆ ಎಂಬುದು ಊರಿಗೆ ಅವತ್ತು ತಿಳಿಯಿತು. ಪಾಪ, ಅಭ್ಯಾಸವಿರಲಿಲ್ಲ. ಪ್ರತಿ ಬೊಗಸೆಗೂ ಒಂದು ಸಲ ನಿಂತು ಬೆನ್ನು ಹಿಡಿದುಕೊಳ್ಳುತ್ತಿದ್ದರು.

ಸಂಘದ ಮೇಡಮ್ಮು ಕಾರಿನಿಂದ ಇಳಿದು ಮೈದಾನವನ್ನು ನೋಡಿದರು. ಮಣ್ಣೆಲ್ಲ ಹಳದಿ. ಮಕ್ಕಳ ಕೈಕಾಲು ಹಳದಿ, ಜಾಲರಿ ಹಳದಿ.

"ಇದೇನು ಸರ್, ಗ್ರೌಂಡಿಗೆ ಬಣ್ಣ ಹೊಡೆಸಿದ್ದೀರಾ?"

"ಊರೋರೇ ಮಾಡ್ಕೊಂಡ್ರು ಮೇಡಂ," ಎಂದರು ಕನಕರಾಜು, ಮುಖ ಗಂಭೀರ ಮಾಡಿಕೊಂಡು.

ಶಿವರಂಜಿನಿ ಟ್ರಂಕಿನಿಂದ ಚೆಂಡು ತಂದಳು. ಮಕ್ಕಳು ಎರಡು ಗುಂಪಾಗಿ ಆಡಿದರು. ಟೊಮೊಟೊ ಹಿಡಿದವರಿಗೆ ಚೆಂಡು ಒಂದು ಲೆಕ್ಕವೇ ಅಲ್ಲ. ಮೇಡಮ್ಮು ಕುರ್ಚಿಯಲ್ಲಿ ಕೂರಲಿಲ್ಲ. ಅರ್ಧ ಆಟದಲ್ಲೇ ಕನಕರಾಜುವಿನ ಹತ್ತಿರ ಬಂದು, "ಕೋಲು ಇಲ್ಲೇ ಇರಲಿ ಸರ್. ಇನ್ನೂ ನಾಲ್ಕು ಚೆಂಡು ಕಳಿಸ್ತೀನಿ. ಆ ಗೋಲು ಕಾಯೋರಿಗೆ ಸರಿಯಾದ ಒಂದು ಹೆಲ್ಮೆಟ್ ಕೂಡ," ಎಂದರು. ಶಿವರಂಜಿನಿಗೆ ಅದು ಕೇಳಿಸಿತು. ಆಟದ ನಡುವೆಯೇ ನಿಂತು ಅತ್ತಳು. ಪ್ರಿಯಾಂಕ ಅವಳ ಸುತ್ತ ಒಂದು ಸುತ್ತು ಓಡಿ ಗೋಲಿನ ಕಡೆ ನುಗ್ಗಿದಳು.

ಬದಿಯಲ್ಲಿ ಹೆಂಗಸರು ನಾಳೆಯ ಮಾತಾಡುತ್ತಿದ್ದರು. ಹಂಗಳದ ಕಡೆ ಬೀನ್ಸು ಕೀಳಲು ಜನ ಬೇಕಂತೆ. ದೂರ. ಮೊದಲನೇ ಬಸ್ಸಿಗೇ ಹೋಗಬೇಕು. "ಓಗನ ಬುಡು," ಎಂದಳು ಒಬ್ಬಳು. "ಬೀನ್ಸಿಗಾದ್ರೂ ಮೈಲಿಗೆ ಇಲ್ಲ." ಶಿವಮ್ಮನಿಗೂ ಕೇಳಿಸುತ್ತಿತ್ತು. ನಾಳೆ ಅವಳೂ ಆ ಬಸ್ಸಿನಲ್ಲೇ ಇರಬೇಕಾದವಳು.

ಪ್ರಿಯಾಂಕ ಎಸೆದಳು. ಚೆಂಡು ಬಂದ ರಭಸಕ್ಕೆ ಶಿವಮ್ಮ ಸರಿಯಲಿಲ್ಲ. ದಿಂಬಿಗೆ ಬಡಿದು ಕಾಲಬಳಿ ಬಿತ್ತು. ಅವಳು ಬಗ್ಗಿ ಎತ್ತಿಕೊಂಡಳು. ನೆಟ್ಟಗೆ ನಿಂತಳು.

"ಎಸಿ ಅವ್ವ, ಎಸಿ," ಎಂದು ಮಗಳು ಕೂಗಿದಳು. "ಇತ್ಲಾಗೆ ಶಿವಕ್ಕ, ಇತ್ಲಾಗೆ," ಎಂದು ಮಕ್ಕಳು ಕೂಗಿದರು. "ಹೆಚ್ಚು ಹೊತ್ತು ಇಟ್ಕೊಳ್ಳಂಗಿಲ್ಲ ಕಣಕ್ಕ, ರೂಲ್ಸು," ಎಂದು ಕನಕರಾಜು ಸೀಟಿಯನ್ನು ಬಾಯಿಗಿಟ್ಟರು.

ಶಿವಮ್ಮ ಮೈದಾನವನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಇಷ್ಟು ವರ್ಷ ಅವಳು ಕಂಡಿದ್ದು ಮೂಗಿನ ಕೆಳಗಿನ ಒಂದು ಮೊಳ ನೆಲವನ್ನು. ನಿಂತು ನೋಡಿದರೆ ದೊಡ್ಡದಿತ್ತು. ಆಚೆಗೆ ಎರಡು ಬೇವಿನ ಮರ ಇದ್ದವು, ಚಿಗುರಿದ್ದವು. ಇನ್ನೂ ಆಚೆಗೆ, ಬಿಸಿಲಿನ ಮಬ್ಬಿನಲ್ಲಿ, ಗೋಪಾಲಸ್ವಾಮಿ ಬೆಟ್ಟದ ಬೆನ್ನು.

"ಇರ್ರಿ," ಎಂದಳು. "ಒಸಿ ಹೊತ್ತು ಇಟ್ಕೋತೀನಿ."

ಕನಕರಾಜು ಸೀಟಿ ಊದಲಿಲ್ಲ.